ಬಾದಾಮಿ–ಮಹಾಕೂಟ ಕಾಲುದಾರಿ: ಯಾತ್ರೆಯ ದಾರಿಯೋ, ಪೂರೈಕೆಯ ದಾರಿಯೋ?

ಬಾದಾಮಿಯ ಪೂರ್ವಕ್ಕಿರುವ ಮರಳುಗಲ್ಲಿನ ಗುಡ್ಡವನ್ನು ಹತ್ತಿಳಿದು ಮಹಾಕೂಟ ಸೇರುವ ಕಾಲುದಾರಿಯಲ್ಲಿ ಇಂದು ಹೆಚ್ಚಾಗಿ ಓಡಾಡುವವರು ಚಾರಣಿಗರು. ಗುಡ್ಡವನ್ನು ಬಳಸಿ ಹೋಗುವ ವಾಹನದ ರಸ್ತೆ ಸುಮಾರು 14 ಕಿ.ಮೀ. ಇದ್ದರೆ, ಈ ಒಳದಾರಿ ಅದರ ಅರ್ಧಕ್ಕಿಂತಲೂ ಕಡಿಮೆ. ಪ್ರವಾಸ ಕೈಪಿಡಿಗಳು ಇದನ್ನು ಪುರಾತನ ಯಾತ್ರಾಮಾರ್ಗವೆಂದು ಪರಿಚಯಿಸುತ್ತವೆ. ವಿದ್ವತ್ ಬರಹಗಳೂ ಈ ವಿವರಣೆಯನ್ನು ಹೆಚ್ಚು ಕೆದಕಿಲ್ಲ. ಯಾತ್ರಿಕರು ಈ ದಾರಿ ಹಿಡಿದಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ದಾರಿಯೊಂದು ಶತಮಾನಗಳವರೆಗೆ ಸವೆಯದೆ, ಮುಚ್ಚಿಹೋಗದೆ ಉಳಿಯಬೇಕಾದರೆ ವರ್ಷಕ್ಕೊಮ್ಮೆ ಸೇರುವ ಜಾತ್ರೆಯ ಜನ ಸಾಕೆ, ಅಥವಾ ದಿನನಿತ್ಯದ ಬೇರೊಂದು ಕೆಲಸ ಅದನ್ನು ತೆರೆದಿಟ್ಟಿತೆ ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರದೇಶದ ಅಧ್ಯಯನ ಹಳೆಯದು. 1874ರ ಜೇಮ್ಸ್ ಬರ್ಜೆಸ್ಸರ ವರದಿ, ಜೆ.ಎಫ್. ಫ್ಲೀಟರ ಶಾಸನ ಸಂಪಾದನೆಗಳು, 1926ರ ಹೆನ್ರಿ ಕಸಿನ್ಸರ ವಾಸ್ತು ಗ್ರಂಥ ಇದಕ್ಕೆ ಅಡಿಪಾಯ. ಕ್ರಿ.ಶ. 543ರಲ್ಲಿ ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ವಾತಾಪಿಯ, ಅಂದರೆ ಬಾದಾಮಿಯ, ಗುಡ್ಡಕ್ಕೆ ಕೋಟೆ ಕಟ್ಟಿಸಿದ್ದು, 642ರಲ್ಲಿ ಪಲ್ಲವ ನರಸಿಂಹವರ್ಮನ ಕೈಗೆ ರಾಜಧಾನಿ ಬಿದ್ದದ್ದು ಇತ್ಯಾದಿ ಈಗ ಚರ್ಚೆಯ ವಿಷಯಗಳಲ್ಲ. ಇದರ ಜೊತೆಗೆ ಒಂದು ಅನುಕೂಲದ ವಿಂಗಡಣೆಯೂ ರೂಢಿಗೆ ಬಂದಿದೆ: ಬಾದಾಮಿ ರಾಜಧಾನಿ, ಹುನಗುಂದ ತಾಲ್ಲೂಕಿನ ಐಹೊಳೆ ವಣಿಕರ ನೆಲೆ, ಪಟ್ಟದಕಲ್ಲು ಪಟ್ಟಾಭಿಷೇಕದ ಸ್ಥಳ, ಮಹಾಕೂಟ ತೀರ್ಥಕ್ಷೇತ್ರ. ನನ್ನ ತಕರಾರು ಇರುವುದು ಈ ಕೊನೆಯ ಮಾತಿನ ಬಗ್ಗೆ. ಮಹಾಕೂಟ ತೀರ್ಥವೆಂದು ಮೊದಲೇ ಒಪ್ಪಿಕೊಂಡರೆ ಅಲ್ಲಿಗೆ ಹೋಗುವ ದಾರಿ ತಾನಾಗಿಯೇ ಯಾತ್ರಾಮಾರ್ಗವಾಗಿಬಿಡುತ್ತದೆ. ಬೇರೆ ಸಾಕ್ಷ್ಯವನ್ನು ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಆ ಬೇರೆ ಸಾಕ್ಷ್ಯ ಮಹಾಕೂಟದಲ್ಲಿಲ್ಲ, ಬಾದಾಮಿಯ ಮೂರನೆಯ ಗುಹೆಯಲ್ಲಿದೆ. ಶಕ 500ರ, ಅಂದರೆ ಕ್ರಿ.ಶ. 578ರ, ಚಾಲುಕ್ಯ ಮಂಗಲೇಶನ ಸಂಸ್ಕೃತ ಶಾಸನ ಅಲ್ಲಿಯ ವಿಷ್ಣುಗೃಹಕ್ಕೆ ಒಂದು ಊರನ್ನು ದತ್ತಿ ಬಿಟ್ಟ ವಿಷಯ ಹೇಳುತ್ತದೆ. ನಾರಾಯಣಬಲಿ ನಡೆಯಬೇಕು, ದಿನವೂ ಹದಿನಾರು ಬ್ರಾಹ್ಮಣರಿಗೆ ಊಟವಾಗಬೇಕು, ಮಿಕ್ಕದ್ದು ಪರಿವ್ರಾಜಕರಿಗೆ ಸಲ್ಲಬೇಕು ಎಂಬುದು ದತ್ತಿಯ ಕರಾರು. ಅಲ್ಲಿಯದೇ ಕನ್ನಡ ಶಾಸನ ಆ ಊರನ್ನು ಲಂಜಿಗೇಸರವೆಂದು ಕರೆಯುತ್ತದೆ. ಫ್ಲೀಟರು ಇದನ್ನು ಮಹಾಕೂಟದ ಮಗ್ಗುಲಿನ ನಂದಿಕೇಶ್ವರವೆಂದು ಗುರುತಿಸಿದರು. ಈ ಗುರುತಿಸುವಿಕೆ ಸರಿಯಿದ್ದರೆ ಗುಡ್ಡದ ಆಚೆಯ ಊರಿನ ಹುಟ್ಟುವಳಿ ಈಚೆಯ ಗುಹೆಯ ಅಡುಗೆಮನೆಗೆ ಬರಬೇಕಿತ್ತು. ಕಾಳು, ತುಪ್ಪ, ಹೂವು, ಸೌದೆ ಇವೆಲ್ಲ ಹಬ್ಬಕ್ಕೆ ಮಾತ್ರ ಬೇಕಾದ ಸಾಮಗ್ರಿಗಳಲ್ಲ. ಜನರ ನಡಿಗೆಯೂ ಇಲ್ಲಿ ದಿಕ್ಕು ಬದಲಿಸುತ್ತದೆ: ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಭಕ್ತರಿಗಿಂತ ಮೊದಲು, ಮಹಾಕೂಟದ ಕಡೆಯಿಂದ ಬಾದಾಮಿಗೆ ಬರುವ ಹೊರೆ ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು, ಊರನ್ನು ದತ್ತಿ ಬಿಡುವುದೆಂದರೆ ಅದರ ಆದಾಯವನ್ನು ಬಿಡುವುದು. ಧಾನ್ಯವೇ ಗುಡ್ಡ ದಾಟಬೇಕೆಂದಿಲ್ಲ. ಒಪ್ಪತಕ್ಕ ಮಾತು. ಆದರೆ ದತ್ತಿಯ ಉದ್ದೇಶವೇ ಅನ್ನವಾಗಿರುವಾಗ, ಊರೂ ಇಷ್ಟು ಹತ್ತಿರವಿರುವಾಗ, ಧಾನ್ಯವನ್ನು ಅಲ್ಲಿ ಮಾರಿ ಇಲ್ಲಿ ಕೊಳ್ಳುವ ಸುತ್ತುಬಳಸು ಏಕೆ ಬೇಕಿತ್ತು ಎಂಬುದನ್ನು ಆಕ್ಷೇಪಿಸುವವರೇ ವಿವರಿಸಬೇಕಾಗುತ್ತದೆ. ಎರಡನೆಯದು, ಗಾಡಿಗಳು ಗುಡ್ಡವನ್ನು ಬಳಸಿ ಬಂದಿರಬಹುದು. ಸುಗ್ಗಿಯ ದೊಡ್ಡ ಹೊರೆಗೆ ಇದು ಸಲ್ಲುತ್ತದೆ. ತಲೆಹೊರೆಗೂ ಹೇರೆತ್ತಿಗೂ ಮಾತ್ರ ಹತ್ತಿರದ ದಾರಿಯೇ ಲೇಸು. ನಿತ್ಯದ ಹೂವು, ಹಾಲು ಬಳಸುದಾರಿಯಲ್ಲಿ ಬರುವುದು ಕಷ್ಟ. ಮೂರನೆಯದೇ ಗಟ್ಟಿಯಾದ ಆಕ್ಷೇಪ: ಲಂಜಿಗೇಸರವೇ ನಂದಿಕೇಶ್ವರ ಎನ್ನಲು ಹೆಸರಿನ ಸಾಮ್ಯ ಮತ್ತು ಸಾಮೀಪ್ಯದ ಹೊರತು ಬೇರೆ ಆಧಾರವಿಲ್ಲ. ಅದು ತಪ್ಪೆಂದು ಸಿದ್ಧವಾದರೆ ನನ್ನ ವಾದದ ಮುಖ್ಯ ಕಂಬವೇ ಕುಸಿಯುತ್ತದೆ.

ಹಾಗಿದ್ದರೂ ಇನ್ನೊಂದು ಆಸರೆ ಉಳಿಯುತ್ತದೆ. ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವ, 602ರ ಮಹಾಕೂಟ ಸ್ತಂಭಶಾಸನ ಅದೇ ಮಂಗಲೇಶ ಕಳಚೂರಿ ದೊರೆ ಬುದ್ಧನಿಂದ ಗೆದ್ದ ಸಂಪತ್ತನ್ನೂ ಹತ್ತು ಊರುಗಳನ್ನೂ ಮಹಾಕೂಟದ ದೇವರಾದ ಮಕುಟೇಶ್ವರನಾಥನಿಗೆ ಸಲ್ಲಿಸಿದ್ದನ್ನು ಹೇಳುತ್ತದೆ. ಅದರಲ್ಲಿ ರಾಣಿ ದುರ್ಲಭದೇವಿಯ ಸಮ್ಮತಿಯೂ ದಾಖಲಾಗಿದೆ. ಮುಂದೆ ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಅದೇ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಅರ್ಪಿಸಿದಳು. ಅರಮನೆಗೂ ಈ ದೇವಾಲಯಕ್ಕೂ ನೂರು ವರ್ಷಕ್ಕೂ ಮೀರಿ ನಡೆದ ಈ ವ್ಯವಹಾರಕ್ಕೆ ಲೆಕ್ಕದವರು, ಓಲೆಕಾರರು, ಕಾವಲಿನವರು ಬೇಕಿತ್ತು. ಮಹಾಕೂಟದ ಆಗ್ನೇಯಕ್ಕೆ ಕಾಲ-ಕಂಕಾಲರ ಅಸ್ಥಿರೂಪದ ದ್ವಾರಪಾಲಕರಿರುವ ದ್ವಾರ ಹಳೆಯ ದಾರಿಯ ಕಡೆ ನಿಂತಿದೆ. ದೇವಾಲಯಕ್ಕೆ ಆ ದಿಕ್ಕು ಮುಖ್ಯವಾಗಿತ್ತು ಎನ್ನಲು ಇಷ್ಟು ಸಾಕು. ಇದರ ಆಧಾರದ ಮೇಲೆ ಹೇಳಬಹುದಾದ ಅತಿ ದೊಡ್ಡ ಮಾತೆಂದರೆ, ಆರನೆಯ ಶತಮಾನದ ಕೊನೆಯ ವೇಳೆಗೆ ಈ ದಾರಿ ಮೊದಲು ದತ್ತಿಯ ಹಾಗೂ ಅರಮನೆಯ ಪೂರೈಕೆಯ ದಾರಿಯಾಗಿತ್ತು, ಯಾತ್ರೆ ಅದರ ಮೇಲೆ ಬೆಳೆಯಿತು. ಇದು ಸಂಭವನೀಯ ಓದು ಅಷ್ಟೇ. ಇಂದಿನ ಮೆಟ್ಟಿಲುಗಳು ಚಾಲುಕ್ಯರ ಕಾಲದವೆಂದು ನಾನು ಹೇಳುತ್ತಿಲ್ಲ. ದಾರಿಯ ಜಾಡು ಹಳೆಯದಾಗಿದ್ದು ಕಲ್ಲುಹಾಸು ಹೊಸದಾಗಿರುವುದು ಸಾಧ್ಯ. ದೇವರ ದರ್ಶನಕ್ಕೂ ಹೊರೆ ಸಾಗಿಸುವುದಕ್ಕೂ ಅಂದಿನವರು ಬೇರೆ ಬೇರೆ ಹೆಜ್ಜೆ ಹಾಕುತ್ತಿದ್ದರೆಂದೂ ಅಲ್ಲ.

ದುಡಿಮೆಯ ದಾರಿ ಬೇರೆ ಬಳಕೆಗೆ ತಿರುಗುವುದು ಬೇರೆಡೆಯೂ ಕಾಣುತ್ತದೆ: ಯುರೋಪು, ಅಮೆರಿಕಗಳಲ್ಲಿ ಕುದುರೆ, ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ಕಾಲುವೆಯಂಚಿನ ದಾರಿಗಳು ಈಗ ವಾಯುವಿಹಾರದ ದಾರಿಗಳಾಗಿವೆ. ಚೆಸಪೀಕ್–ಒಹಾಯೊ ಕಾಲುವೆ 1971ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವೇ ಆಯಿತು. ಅಲ್ಲಿ ದಾರಿಯ ದುಡಿಮೆಯ ಚರಿತ್ರೆಯನ್ನು ಕಂಪನಿಯ ಕಡತಗಳೂ, ಹಗ್ಗ ಉಜ್ಜಿ ಸವೆದ ಸೇತುವೆಯ ಕಲ್ಲುಗಳೂ ಉಳಿಸಿಕೊಟ್ಟಿವೆ. ಬಾದಾಮಿಯಲ್ಲಿ ಅಂಥ ಕಡತವಿಲ್ಲ. ದತ್ತಿ ಶಾಸನಗಳನ್ನೇ ಆ ಕಡತವೆಂದು ಓದಬೇಕಾಗಿದೆ. ಪಾರಂಪರಿಕ ನಗರಗಳ ಅಭಿವೃದ್ಧಿಗಾಗಿ 2015ರಲ್ಲಿ ಬಂದ ಕೇಂದ್ರ ಸರ್ಕಾರದ ಹೃದಯ್ ಯೋಜನೆಯ ಹನ್ನೆರಡು ನಗರಗಳಲ್ಲಿ ಬಾದಾಮಿಯೂ ಒಂದಾಗಿದ್ದರಿಂದ ಇಂಥ ದಾರಿಗಳ ಪರಿಚಯ ಫಲಕಗಳಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಈಗ ಪುಸ್ತಕದೊಳಗಿನ ಚರ್ಚೆಯಷ್ಟೇ ಆಗಿ ಉಳಿದಿಲ್ಲ. ದಾರಿಯುದ್ದದ ಉಳಿಗುರುತು, ಸವೆತ ಮತ್ತು ನೀರಿನ ದೊಣೆಗಳ ಕ್ರಮಬದ್ಧ ದಾಖಲೆ, ನಂದಿಕೇಶ್ವರದ ಹಳೆಯ ಊರಿನ ನೆಲದ ಮೇಲ್ಮೈ ಪರಿಶೋಧನೆ ಈ ಎರಡೂ ನಡೆದ ಮೇಲೆ ಇಲ್ಲಿಯ ಊಹೆ ನಿಲ್ಲಬಹುದು, ಬೀಳಲೂಬಹುದು. ಅಲ್ಲಿಯವರೆಗೆ ಯಾತ್ರಾಮಾರ್ಗವೆಂಬುದನ್ನು ತೀರ್ಮಾನವೆಂದು ತಿಳಿಯದೆ ಹಲವು ಸಾಧ್ಯತೆಗಳಲ್ಲಿ ಒಂದೆಂದು ನಮೂದಿಸುವುದು ಸೂಕ್ತ.