ಬೋವಾ ಸಾಕಬಹುದಾ? ಬನವಾಸಿಯ ಕಲ್ಲು ನಾಗರದಿಂದ ಗಾಜಿನ ಪೆಟ್ಟಿಗೆವರೆಗೆ

ಇವತ್ತಿನ ಕಂತು ಶುರುವಾಗಿದ್ದು ಒಂದು ವಾಟ್ಸ್ಆ್ಯಪ್ ಮೆಸೇಜಿನಿಂದ.

ನನ್ನ ಚಿಕ್ಕಪ್ಪನ ಮಗ ಸಿದ್ದಾಪುರ ಕಡೆಯವನು. ಬೆಂಗಳೂರಿನ ಕೆಲಸವನ್ನ ಈಗ ಊರಲ್ಲೇ ಕೂತು ಮಾಡ್ತಾನೆ. ಅವನ ಹಳೇ ರೂಮ್‌ಮೇಟ್ ವಿದೇಶಕ್ಕೆ ಹೊರಟಿದ್ದ. ಆ ಹುಡುಗನ ಹತ್ತಿರ ಆರಡಿ ಉದ್ದದ ಒಂದು ಬೋವಾ ಕನ್‌ಸ್ಟ್ರಿಕ್ಟರ್ ಹಾವು. ಗಾಜಿನ ಪೆಟ್ಟಿಗೆ ಸಮೇತ ಫ್ರೀ! ತಮ್ಮ ಫೋಟೋ ಕಳಿಸಿ ಕೇಳಿದ: "ಅಣ್ಣಾ, ಸಾಕಲಾಗ್ತಾ? ಆಯಿ ಹತ್ರ ಇನ್ನೂ ಹೇಳಿದ್ನಿಲ್ಲೆ."

"ಬೇಡ" ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಗೆ ನಮ್ಮ ಊರಲ್ಲೇ ದೊಡ್ಡ ಇತಿಹಾಸ ಇದೆ. ಅದನ್ನ ಅವನಿಗೆ ಹೇಳಿದ ಹಾಗೇ ನಿಮಗೂ ಹೇಳ್ತೀನಿ.

ಮೊದಲು ಬನವಾಸಿಗೆ ಹೋಗೋಣ. ಶಿರಸಿಯಿಂದ 20 ಚಿಲ್ಲರೆ ಕಿಲೋಮೀಟರ್. ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿ ಐದು ಹೆಡೆಯ ಒಂದು ಕಲ್ಲು ನಾಗರ ಇದೆ. ಕದಂಬರಿಗಿಂತ ಮುಂಚೆ ಇಲ್ಲಿ ಆಳಿದ ಚುಟು ವಂಶದ ಕಾಲದ್ದು. ಅದರ ಮೇಲಿನ ಬರಹ ಕನ್ನಡದಲ್ಲಿ ಅಲ್ಲ, ಪ್ರಾಕೃತದಲ್ಲಿದೆ. ಶಿವಸ್ಕಂದನಾಗಶ್ರೀ ಅನ್ನೋ ರಾಜಕುಮಾರಿ ಈ ನಾಗ, ಒಂದು ಕೆರೆ, ಒಂದು ವಿಹಾರ ಮಾಡಿಸಿಕೊಟ್ಟಳು ಅಂತ ಅದು ಹೇಳುತ್ತೆ. ಕಡೆದ ಶಿಲ್ಪಿಯ ಹೆಸರೂ ಅದರಲ್ಲಿದೆ: ನಟಕ.

ನಾಗ, ಕೆರೆ, ವಿಹಾರ, ಮೂರೂ ಒಂದೇ ಉಸಿರಲ್ಲಿ. ಹಾವನ್ನ ಕಲ್ಲಲ್ಲಿ ಕಡೆದು, ಪಕ್ಕದಲ್ಲಿ ನೀರಿಟ್ಟು, ಕೈ ಮುಗಿದು ಬಂದರು. ಮನೆಗೆ ತರಲಿಲ್ಲ. ನಮ್ಮ ಕಡೆ ಹಾವಿನ ಜೊತೆಗಿನ ಸಂಬಂಧ ಬಹುಪಾಲು ಹೀಗೇ ನಡೆದು ಬಂದಿದೆ. ಬನದಲ್ಲಿ ಅದಕ್ಕೊಂದು ಜಾಗ, ವರ್ಷಕ್ಕೊಮ್ಮೆ ಪೂಜೆ, ಉಳಿದ ದಿನ ಅದರ ಪಾಡಿಗೆ ಅದು.

ನನ್ನ ಅಜ್ಜನ ಮನೆ ಕಟ್ಟಿಗೆ ರಾಶಿಯಲ್ಲಿ ಒಂದು ಕೇರೆ ಹಾವಿತ್ತು. ನಾವು ಮಕ್ಕಳು ಕೂಗಿಕೊಂಡು ಓಡಿ ಬಂದರೆ ಅಜ್ಜ ಜಗಲಿಯಿಂದ ಏಳ್ತಾನೇ ಇರಲಿಲ್ಲ. "ಅದು ಇಲಿ ತಿಂತು ತಮಾ, ಬಿಡು" ಅಷ್ಟೇ. ಅಟ್ಟದ ಭತ್ತಕ್ಕೆ, ತೋಟದ ತೆಂಗಿಗೆ ಇಲಿ ಕಾಟ ಎಷ್ಟು ಅಂತ ಅವರಿಗೆ ಗೊತ್ತಿತ್ತು.

ಹಾಗಂತ ಹಳಬರು ಹೇಳಿದ್ದೆಲ್ಲ ಸರಿ ಅಂತಲ್ಲ. ಅದೇ ಅಜ್ಜ, ಕೇರೆ ಹಾವು ಕೊಟ್ಟಿಗೆಗೆ ಬಂದು ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿಗೆ ಬಾಯಿ ಹಾಕುತ್ತೆ ಅಂತಲೂ ನಂಬಿದ್ದರು. ನೀವೂ ಕೇಳಿರ್ತೀರಿ ಅಲ್ವಾ? ಇಲ್ಲೇ ಒಂದು ಮಜಾ ಇದೆ. ಸುಮಾರು 1,900 ವರ್ಷ ಹಿಂದೆ ರೋಮಿನಲ್ಲಿ ಪ್ಲಿನಿ ಅನ್ನೋ ಲೇಖಕ ಇದೇ ಕಥೆ ಬರೆದಿದ್ದಾನೆ. ಇಟಲಿಯಲ್ಲಿ ದೊಡ್ಡ ಹಾವುಗಳಿವೆ, ಅವು ಹಸುವಿನ ಹಾಲು ಕುಡಿದು ಬೆಳೆಯುತ್ತವೆ, ಅದಕ್ಕೇ ಅವಕ್ಕೆ 'ಬೋವಾ' ಅಂತ ಹೆಸರು ಅಂದ. ಲ್ಯಾಟಿನ್‌ನಲ್ಲಿ 'ಬೋಸ್' ಅಂದ್ರೆ ದನ. ಮುಂದೆ 1758ರಲ್ಲಿ ಸ್ವೀಡನ್ನಿನ ಲಿನೇಯಸ್, ಅಮೆರಿಕ ಖಂಡದ ಹಾವೊಂದಕ್ಕೆ ಆ ಹಳೇ ಹೆಸರು ಕೊಟ್ಟು 'ಬೋವಾ ಕನ್‌ಸ್ಟ್ರಿಕ್ಟರ್' ಅಂತ ದಾಖಲಿಸಿದ. ಅಂದ್ರೆ ನನ್ನ ತಮ್ಮ ಕಳಿಸಿದ ಫೋಟೋದಲ್ಲಿರೋ ಹಾವಿನ ಹೆಸರಿನ ಹಿಂದೆ ಇರೋದೂ ನಮ್ಮ ಕೊಟ್ಟಿಗೆಯ ಕಥೆಯೇ!

ಕಥೆ ಮಾತ್ರ ಸುಳ್ಳು. ಹಾವಿನ ಹಲ್ಲು ಸೂಜಿಯಂತೆ ಚೂಪು, ಒಳಕ್ಕೆ ಬಾಗಿರುತ್ತೆ. ಹೀರೋಕೆ ತುಟಿ ಇಲ್ಲ. ಅದು ಕಚ್ಚಿದರೆ ಯಾವ ಹಸು ಸುಮ್ಮನೆ ನಿಲ್ಲುತ್ತೆ ಹೇಳಿ? ಹಾಲು ಅದರ ಆಹಾರವೇ ಅಲ್ಲ. ಪಂಚಮಿ ದಿನ ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡೀತಿತ್ತು ಅಂದ್ರೆ, ದಿನಗಟ್ಟಲೆ ನೀರಿಲ್ಲದೆ ಬಾಯಾರಿದ್ದಕ್ಕೆ. ಎಷ್ಟೋ ಹಾವುಗಳ ಹಲ್ಲು ಕಿತ್ತಿರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಬುಟ್ಟಿಗಳು ನಿಧಾನವಾಗಿ ಮಾಯವಾದವು. ನಮ್ಮ ನಾಗರ, ಕೇರೆ, ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ.

ಆದರೆ ಬುಟ್ಟಿ ಹೋದ ಮೇಲೆ ಗಾಜಿನ ಪೆಟ್ಟಿಗೆ ಬಂತು. ಆ ಕಾಯ್ದೆಯಲ್ಲಿ ವಿದೇಶಿ ಪ್ರಾಣಿಗಳ ಬಗ್ಗೆ ಹೆಚ್ಚೇನೂ ಇರಲಿಲ್ಲ. ಆ ಸಂದಿಯಲ್ಲಿ ಒಂದು ಮಾರುಕಟ್ಟೆಯೇ ಬೆಳೀತು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 78 ಪ್ರಾಣಿ ಸಿಕ್ಕವು. ಅದರಲ್ಲಿ 55 ಬಾಲ್ ಪೈಥಾನ್. ಆರು ಕೋತಿಗಳು ಸತ್ತೇ ಹೋಗಿದ್ದವು. 2024ರ ಏಪ್ರಿಲ್‌ನಲ್ಲಿ ಮತ್ತೆ ಬ್ಯಾಂಕಾಕ್‌ನಿಂದಲೇ 10 ಹಳದಿ ಅನಕೊಂಡ. ಅನಕೊಂಡ ಅಂದ್ರೆ ಬೋವಾ ಕುಟುಂಬದ್ದೇ.

ಈಗ ಆ ಸಂದಿ ಮುಚ್ಚಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟಿಸ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯ ಪ್ರಾಣಿಗಳನ್ನ ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬೋವಾ ಆ ಪಟ್ಟಿಯಲ್ಲಿದೆ. ಕೈ ಬದಲಾದರೆ ಅದನ್ನೂ ತಿಳಿಸಬೇಕು.

"ಸರಿ, ಕಾಗದ ಪತ್ರ ಎಲ್ಲ ಇದ್ರೆ?" ಅಂದ ತಮ್ಮ. ಆಗ ನಾನು ಸಾಕೋದು ಅಂದ್ರೆ ಏನು ಅಂತ ಲೆಕ್ಕ ಹಾಕಿ ತೋರಿಸಿದೆ.

ಬೋವಾ ತನ್ನ ಮೈ ಬಿಸಿಯನ್ನ ತಾನೇ ಹುಟ್ಟಿಸಿಕೊಳ್ಳೋದಿಲ್ಲ. ಪೆಟ್ಟಿಗೆಯ ಒಂದು ಬದಿ ಸುಮಾರು 30-32 ಡಿಗ್ರಿ, ಇನ್ನೊಂದು ಬದಿ 25-27 ಇರಬೇಕು. ಬೇಕಾದಾಗ ಅದು ಆಚೆ ಈಚೆ ಸರೀತದೆ. ಎರಡೂ ಕಡೆ ಅಡಗೋಕೆ ಗೂಡು, ಮೈ ಮುಳುಗುವಷ್ಟು ದೊಡ್ಡ ನೀರಿನ ತೊಟ್ಟಿ, ಹಾವು ತೆಗೆಯಲಾಗದ ಬೀಗ. ಚಳಿ ಹಿಡಿದರೆ ತಿಂದದ್ದು ಅರಗಲ್ಲ, ಶ್ವಾಸಕೋಶಕ್ಕೆ ಸೋಂಕು ಬರುತ್ತೆ. ಈಗ ಜುಲೈ ತಿಂಗಳ ನಮ್ಮ ಊರನ್ನ ನೆನಪಿಸಿಕೊಳ್ಳಿ. ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಎರಡು ದಿನ, ಮೂರು ದಿನ. ಇನ್ವರ್ಟರ್‌ನಲ್ಲಿ ಲ್ಯಾಪ್‌ಟಾಪ್ ನಡೀತದೆ, ಹಾವಿನ ಹೀಟರ್ ಎಷ್ಟು ಹೊತ್ತು ನಡೀತದೆ?

ಊಟ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಸತ್ತ ಇಲಿಯನ್ನ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ ಇಟ್ಟು, ಬೇಕಾದಾಗ ಕರಗಿಸಿ ಕೊಡಬೇಕು. ಆಯಿ ಉಪ್ಪಿನಕಾಯಿ, ತುಪ್ಪ ಇಡೋ ಫ್ರಿಜ್ಜಿನಲ್ಲಿ! ಊಟ ಆದ ಮೇಲೆ ಎರಡು ದಿನ ಮುಟ್ಟಬಾರದು. ಹಾವಿಗೆ ಕಾಯಿಲೆ ಬಂದರೆ ನೋಡೋ ಡಾಕ್ಟರು ತಾಲೂಕಿನಲ್ಲಿ ಸಿಗೋದು ಕಷ್ಟ. ಮತ್ತೆ ಅದರ ಆಯಸ್ಸು 20-30 ವರ್ಷ. ಇವತ್ತು ಅಡಿಕೆ ಸಸಿ ನೆಟ್ಟ ಹಾಗೆ. ಈ ಹುಡುಗ ಮತ್ತೆ ಬೆಂಗಳೂರಿಗೆ ಹೋದರೆ ನೋಡಿಕೊಳ್ಳೋರು ಯಾರು? ಆಯಿ.

ತಮ್ಮ ರೂಮ್‌ಮೇಟ್ ಹತ್ತಿರ ನೋಂದಣಿ ಕಾಗದ ಕೇಳಿದ. ಮೂರು ದಿನ ಉತ್ತರ ಇಲ್ಲ. ನಾಲ್ಕನೇ ದಿನ ಮೆಸೇಜ್ ಬಂತು: "ಬೇಡ ಅಂದ್ರೆ ನಿಮ್ಮ ಕಡೆ ಕಾಡಿಗೆ ಬಿಟ್ಟುಬಿಡೋಣ. ಹಾವು ಇರೋದೇ ಕಾಡಲ್ಲಿ ಅಲ್ವಾ?"

ನನಗೆ ನಿಜವಾಗಿ ಭಯ ಆಗಿದ್ದು ಆಗಲೇ. ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ 1971ರಲ್ಲಿ ಬೆರಳೆಣಿಕೆಯ ಬೋವಾಗಳನ್ನ ಬಿಟ್ಟಿದ್ದರು. ಅವು ಇಡೀ ದ್ವೀಪಕ್ಕೆ ಹರಡಿದವು. ಅರೂಬಾ ದ್ವೀಪದಲ್ಲೂ ಇದೇ ಆಯ್ತು, ಹಕ್ಕಿ, ಹಲ್ಲಿ, ಸಣ್ಣ ಪ್ರಾಣಿ ಎಲ್ಲವೂ ಅದರ ಊಟ. ಬೋವಾ ಮೊಟ್ಟೆ ಇಡಲ್ಲ, ನೇರ ಮರಿ ಹಾಕುತ್ತೆ, ಒಮ್ಮೆಗೆ ಹತ್ತಾರು. ಅಘನಾಶಿನಿ ಕಣಿವೆಯ ಕಾಡು ಮಳೆಯದ್ದು, ಸೆಕೆಯದ್ದು, ಬೋವಾ ಹುಟ್ಟಿದ ಕಾಡಿನ ಹಾಗೇ. ಅದಕ್ಕೇ ಅಪಾಯ. ಬದುಕದೆ ಸತ್ತರೆ ಹಾವಿಗೆ ಅನ್ಯಾಯ, ಬದುಕಿದರೆ ಕಾಡಿಗೆ.

ಆ ರಾತ್ರಿ ಮೂರೂ ಜನ ಕಾಲ್‌ನಲ್ಲಿ ಕೂತೆವು. ದಂಡದ ಹೆದರಿಕೆ ಆ ಹುಡುಗನಿಗೆ. ತಪ್ಪಿಲ್ಲ. ಕೊನೆಗೆ ಅರಣ್ಯ ಇಲಾಖೆಗೆ ತಾನೇ ತಿಳಿಸ್ತೀನಿ, ಎಲ್ಲೂ ಬಿಡಲ್ಲ ಅಂತ ಒಪ್ಪಿದ. ಹಾವು ಮುಂದೆ ಎಲ್ಲಿಗೆ ಹೋಗುತ್ತೋ, ನಾವಿನ್ನೂ ಕಾಯ್ತಾ ಇದ್ದೀವಿ.

ತಮ್ಮನಿಗೆ ಸ್ವಲ್ಪ ಬೇಜಾರೇ ಆಯ್ತು. ಅವನಿಗೆ ಒಂದು ವಿಷಯ ಹೇಳಿದೆ, ನಿಮಗೂ ಹೇಳಿ ಮುಗಿಸ್ತೀನಿ. ಬೋವಾದ ಬಂಧುಗಳು ನಮ್ಮಲ್ಲೇ ಇವೆ, ಮಣ್ಣೊಳಗೆ ಬದುಕೋ ಮಣ್ಣುಮುಕ್ಕ ಹಾವುಗಳು. ಪಶ್ಚಿಮ ಘಟ್ಟದ ಒಂದು ಜಾತಿಗೆ 1991ರಲ್ಲಷ್ಟೇ ವಿಜ್ಞಾನದ ಹೆಸರು ಸಿಕ್ಕಿತು, ಹಾವು ತಜ್ಞ ರೋಮುಲಸ್ ವಿಟೇಕರ್ ಗೌರವಕ್ಕೆ. 'ಎರಡು ತಲೆ ಹಾವು, ಮನೇಲಿದ್ರೆ ಅದೃಷ್ಟ' ಅಂತ ಇವುಗಳದೇ ಬಂಧುವನ್ನ ಲಕ್ಷಗಟ್ಟಲೆಗೆ ಮಾರೋ ಮೋಸಗಾರರೂ ಇದ್ದಾರೆ, ಹುಷಾರು. ತೋಟದ ದರಕಿನ ಕೆಳಗೆ ಒಂದು ಕಂಡರೆ ನಿಂತು ನೋಡಿ, ಬೇಕಾದ್ರೆ ದೂರದಿಂದ ಫೋಟೋ ತೆಗೀರಿ. ಆಮೇಲೆ ಅಜ್ಜ ಹೇಳಿದ ಹಾಗೆ, ಬಿಡಿ.

ನಿಮ್ಮನೆ ಕಟ್ಟಿಗೆ ರಾಶಿಯ ಹಾವಿನ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.