ಕಳೆಯುವ ಲೆಕ್ಕ

1934ರ ಜೂನ್, ಜರ್ಮನಿಯ ನೂರ್ಬರ್ಗ್‌ರಿಂಗ್. ಮರುದಿನ ರೇಸು. ಮರ್ಸಿಡಿಸ್‌ನವರು ತಮ್ಮ ಹೊಸ ಡಬ್ಲ್ಯೂ25 ಕಾರನ್ನು ತಕ್ಕಡಿ ಮೇಲೆ ನಿಲ್ಲಿಸಿದರೆ ಮುಳ್ಳು 751 ಕೆಜಿ ತೋರಿಸಿತಂತೆ. ನಿಯಮದ ಪ್ರಕಾರ 750 ದಾಟೋ ಹಾಗಿಲ್ಲ. ಬರೀ ಒಂದೇ ಒಂದು ಕೆಜಿ! ತಂಡದ ಮ್ಯಾನೇಜರ್ ಆಲ್ಫ್ರೆಡ್ ನಾಯ್‌ಬಾವರ್ ತಲೆ ಮೇಲೆ ಕೈ ಹೊತ್ತು ಕೂತಾಗ, ಕಾರಿಗೆ ಬಳಿದಿದ್ದ ಬಿಳಿ ಬಣ್ಣ ಕಣ್ಣಿಗೆ ಬಿತ್ತು. ರಾತ್ರಿಯೆಲ್ಲಾ ಕೂತು ಬಣ್ಣ ಕೆರೆದು ಹಾಕಿದರು. ಅಡಿಯಲ್ಲಿದ್ದ ಅಲ್ಯೂಮಿನಿಯಂ ಬೆಳ್ಳಿ ಥರ ಹೊಳೆಯಿತು. ಬೆಳಗ್ಗೆ ತೂಗಿದರೆ ಸರಿಯಾಗಿ 750. ರೇಸನ್ನೂ ಗೆದ್ದರು. ‘ಬೆಳ್ಳಿ ಬಾಣಗಳು’ ಅನ್ನೋ ಹೆಸರು ಹುಟ್ಟಿದ್ದು ಹೀಗಂತೆ.

ಕಥೆ ಚೆನ್ನಾಗಿದೆ ಅಲ್ವಾ? ಆದರೆ ಇದು ನಡೆದದ್ದೇ ಅನುಮಾನ. ಆ ದಿನದ ರೇಸು 750 ಕೆಜಿ ನಿಯಮದ ಅಡಿಯಲ್ಲಿ ನಡೆದಿರಲೇ ಇಲ್ಲ ಅಂತ ಇತಿಹಾಸಕಾರರು ವಾದಿಸ್ತಾರೆ. ಅದೇನೇ ಇರಲಿ, ಇಷ್ಟು ವರ್ಷ ಆದಮೇಲೂ ಎಂಜಿನಿಯರುಗಳು ಈ ಕಥೆಯನ್ನ ಬಾಯಿ ಚಪ್ಪರಿಸಿಕೊಂಡು ಹೇಳ್ತಾರೆ. ಒಂದು ಕೆಜಿಗಾಗಿ ನಿದ್ದೆಗೆಟ್ಟವರ ಕಥೆ ಅಂದರೆ ನಮಗೆ ಅದೇನೋ ಪ್ರೀತಿ.

ಕಥೆಗಿಂತ ಮಜಾ ಇರೋದು ಆ ನಿಯಮದಲ್ಲಿ. ರೇಸ್ ಕಾರುಗಳ ವೇಗ ಮಿತಿಮೀರುತ್ತಿದೆ ಅಂತ ಭಯಪಟ್ಟ ಅಧಿಕಾರಿಗಳು, ಇಂಧನ, ಎಣ್ಣೆ, ನೀರು, ಟೈರು ಬಿಟ್ಟು ಕಾರಿನ ತೂಕ 750 ಕೆಜಿ ಮೀರಬಾರದು ಅಂದರು. ಅವರ ಲೆಕ್ಕ ಸರಳ: ಕಾರು ಹಗುರ ಇರಬೇಕಾದರೆ ದೊಡ್ಡ ಎಂಜಿನ್ ಕೂರಿಸೋಕಾಗಲ್ಲ, ದೊಡ್ಡ ಎಂಜಿನ್ ಇಲ್ಲದಿದ್ದರೆ ವೇಗ ತಾನಾಗೇ ತಗ್ಗುತ್ತೆ. ಆದರೆ ಹಿಟ್ಲರ್ ಸರ್ಕಾರದ ದುಡ್ಡು ಬೆನ್ನಿಗಿದ್ದ ಜರ್ಮನ್ ಕಂಪನಿಗಳು ಬೇರೆಯದೇ ದಾರಿ ಹಿಡಿದವು. ಮಿಕ್ಕಿದ್ದೆಲ್ಲವನ್ನೂ ಹಗುರ ಮಾಡಿ, ಉಳಿಸಿದ ತೂಕವನ್ನ ಎಂಜಿನ್‌ಗೆ ಸುರಿದವು. 1934ರಲ್ಲಿ ಸುಮಾರು 350 ಅಶ್ವಶಕ್ತಿ ಇದ್ದದ್ದು 1937ರ ಹೊತ್ತಿಗೆ 600ರ ಹತ್ತಿರ ಬಂತು. ವೇಗಕ್ಕೆ ಕಡಿವಾಣ ಹಾಕೋಕೆ ಹೋದ ನಿಯಮ, ಹಗುರ ಮಾಡೋದು ಹೇಗೆ ಅಂತ ಪಾಠ ಹೇಳಿಕೊಟ್ಟಿತು!

ತೂಕಕ್ಕೆ ಯಾಕಿಷ್ಟು ತಲೆ ಕೆಡಿಸಿಕೋಬೇಕು? ನಮ್ಮ ಮಂಡ್ಯ ಕಡೆ ಎತ್ತಿನ ಗಾಡಿ ಓಟ ನೋಡಿದವರಿಗೆ ಇದನ್ನ ವಿವರಿಸೋದೇ ಬೇಡ. ಕಬ್ಬು ಹೇರೋ ಗಾಡಿಯನ್ನ ಯಾರೂ ಓಟಕ್ಕೆ ತರಲ್ಲ. ಓಟಕ್ಕೇ ಅಂತ ಪುಟ್ಟ ಗಾಡಿ ಇರುತ್ತೆ, ಒಬ್ಬ ನಿಂತುಕೊಳ್ಳೋಕೆ ಜಾಗ ಇದ್ದರೆ ಸಾಕು. ಒಳ್ಳೆ ಜೋಡಿ ಎತ್ತು ಬೇಕಂದರೆ ಲಕ್ಷಗಟ್ಟಲೆ ಸುರಿಯಬೇಕು, ಗಾಡಿ ಹಗುರ ಮಾಡೋಕೆ ಬಡಗಿ ಜಾಣನಾಗಿದ್ದರೆ ಸಾಕು. ಕಾರಿನದೂ ಇದೇ ಕಥೆ. ಎಂಜಿನ್ ಶಕ್ತಿ ಜಾಸ್ತಿ ಮಾಡಿದರೆ ನೇರ ರಸ್ತೆಯಲ್ಲಿ ಲಾಭ. ತೂಕ ಇಳಿಸಿದರೆ ವೇಗ ಹಿಡಿಯುವಾಗ, ಬ್ರೇಕ್ ಹಾಕುವಾಗ, ತಿರುವಿನಲ್ಲಿ, ಎಲ್ಲ ಕಡೆಯೂ ಲಾಭ. ಅಷ್ಟೇ ಅಲ್ಲ, ಕಾರು ಹಗುರ ಆದರೆ ಸಣ್ಣ ಬ್ರೇಕ್ ಸಾಕು, ತೆಳ್ಳಗಿನ ಟೈರ್ ಸಾಕು, ಕಡಿಮೆ ಪೆಟ್ರೋಲ್ ಸಾಕು. ಅಲ್ಲಿ ಮತ್ತೊಂದಿಷ್ಟು ತೂಕ ಇಳಿಯುತ್ತೆ. ಚಕ್ರಬಡ್ಡಿ ಥರ, ಆದರೆ ನಮ್ಮ ಕಡೆಗೆ ಬರೋ ಬಡ್ಡಿ.

ಈ ಬಡ್ಡಿ ಲೆಕ್ಕವನ್ನ ಧರ್ಮದ ಹಾಗೆ ಪಾಲಿಸಿದವನು ಇಂಗ್ಲೆಂಡಿನ ಕಾಲಿನ್ ಚಾಪ್ಮನ್. 1928ರಲ್ಲಿ ಹುಟ್ಟಿದವನು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿದ. ಓದುವ ಕಾಲಕ್ಕೇ ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ತನಗೆ ಬೇಕಾದ ಹಾಗೆ ಕಟ್ಟಿಕೊಂಡ. 1952ರಲ್ಲಿ ಲೋಟಸ್ ಕಂಪನಿ ಶುರು ಮಾಡಿದ. ‘ಮೊದಲು ಸರಳಗೊಳಿಸು, ಆಮೇಲೆ ಹಗುರತೆ ಸೇರಿಸು’ ಅನ್ನೋ ಮಾತನ್ನ ಇವನ ಹೆಸರಲ್ಲಿ ಹೇಳ್ತಾರೆ. ಹಗುರತೆಯನ್ನ ‘ಸೇರಿಸೋದು’ ಅನ್ನೋ ತಮಾಷೆ ಗಮನಿಸಿ.

ಇವನ ಜಾಣತನ ಬರೀ ಕೊರೆಯೋದು, ಕೆರೆಯೋದರಲ್ಲಿ ಇರಲಿಲ್ಲ. ಒಂದು ಭಾಗಕ್ಕೆ ಎರಡು ಕೆಲಸ ಕೊಡೋದು ಇವನ ಪಟ್ಟು. 1957ರ ಲೋಟಸ್ ಎಲೀಟ್‌ನಲ್ಲಿ ಬೇರೆ ಚಾಸಿಯೇ ಇಲ್ಲ, ಫೈಬರ್‌ಗ್ಲಾಸ್ ಮೈಯೇ ಚಾಸಿ. 1962ರ ಲೋಟಸ್ 25ರಲ್ಲಿ ಕೊಳವೆಗಳ ಅಸ್ಥಿಪಂಜರ ತೆಗೆದು, ಅಲ್ಯೂಮಿನಿಯಂ ಹಾಳೆಯ ತೊಟ್ಟಿಯನ್ನೇ ಕಾರಿನ ದೇಹ ಮಾಡಿದ. ಮರುವರ್ಷ ಅದೇ ಕಾರಲ್ಲಿ ಜಿಮ್ ಕ್ಲಾರ್ಕ್ ಫಾರ್ಮುಲಾ ಒನ್‌ನ 10 ರೇಸುಗಳಲ್ಲಿ 7 ಗೆದ್ದು ಚಾಂಪಿಯನ್ ಆದ. 1967ರ ಲೋಟಸ್ 49ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಎಂಜಿನ್ ಹೊರೋಕೆ ಫ್ರೇಮ್ ಯಾಕೆ ಬೇಕು? ಎಂಜಿನ್ನೇ ಫ್ರೇಮ್ ಆಗಲಿ! ಎಂಜಿನ್ನನ್ನ ತೊಟ್ಟಿಗೆ ಬೋಲ್ಟ್ ಹಾಕಿ, ಹಿಂದಿನ ಚಕ್ರಗಳನ್ನ ಅದರ ಕಡೆಯಿಂದಲೇ ತೂಗುಬಿಟ್ಟ. ಓಡಿದ ಮೊದಲ ರೇಸನ್ನೇ ಆ ಕಾರು ಗೆದ್ದಿತು. ಕೋಡ್ ಬರೆಯೋ ನನ್ನಂಥವರಿಗೆ ಇದನ್ನ ನೋಡಿದರೆ ಹೊಟ್ಟೆ ಉರಿಯುತ್ತೆ. ನಮ್ಮ ಆಫೀಸಿನಲ್ಲಿ ಹತ್ತು ಸಾಲು ಸೇರಿಸಿದವನಿಗೆ ಚಪ್ಪಾಳೆ, ಸಾವಿರ ಸಾಲು ಅಳಿಸಿದವನಿಗೆ ‘ಯಾಕ್ರೀ ಮುಟ್ಟಿದ್ರಿ?’ ಅನ್ನೋ ಮೇಲ್.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಕಾಲಮ್ ಇದೆ. ತೂಕ ಇಳಿಸುವವನು ಡ್ರಾಯಿಂಗ್ ಬೋರ್ಡ್ ಮುಂದೆ ಇರ್ತಾನೆ, ಕಾರಿನ ಒಳಗೆ ಕೂರುವವನು ಬೇರೆಯವನು.

1969ರ ಮೇ ತಿಂಗಳು, ಸ್ಪೇನಿನ ಗ್ರಾನ್ ಪ್ರಿ. ಆಗ ಕಾರುಗಳ ಮೇಲೆ ತೆಳ್ಳನೆಯ ಕೋಲುಗಳ ಮೇಲೆ ಎತ್ತರಕ್ಕೆ ರೆಕ್ಕೆ ಕಟ್ಟುತ್ತಿದ್ದರು, ಗಾಳಿ ಕಾರನ್ನ ನೆಲಕ್ಕೆ ಒತ್ತಲಿ ಅಂತ. ಗ್ರಹಾಂ ಹಿಲ್‌ನ ಲೋಟಸ್‌ನಲ್ಲಿ ಆ ರೆಕ್ಕೆ ಮುರಿದು ಕಾರು ತಡೆಗೋಡೆಗೆ ಬಡಿಯಿತು. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಅದೇ ತಂಡದ ಯೋಹೆನ್ ರಿಂಟ್‌ನ ರೆಕ್ಕೆಯೂ ಮುರಿಯಿತು. ಅವನ ಕಾರು ಹೋಗಿ ಹಿಲ್‌ನ ಜಖಂ ಆದ ಕಾರಿಗೇ ಗುದ್ದಿತು. ರಿಂಟ್ ಮೂಗು ಮುರಿದುಕೊಂಡು ಬದುಕಿದ. ಅದಾದ ಕೆಲವೇ ದಿನಕ್ಕೆ ಚಾಪ್ಮನ್‌ಗೆ ಒಂದು ಕಾಗದ ಬರೆದ. ಅದರ ಸಾರಾಂಶ ಇಷ್ಟು: ನಿಮ್ಮ ಕಾರುಗಳು ಎಷ್ಟು ವೇಗವಾಗಿವೆ ಅಂದರೆ, ದುರ್ಬಲ ಭಾಗಗಳನ್ನ ಗಟ್ಟಿ ಮಾಡೋಕೆ ಒಂದಿಷ್ಟು ತೂಕ ಸೇರಿಸಿದರೂ ನಾವು ಪೈಪೋಟಿಯಲ್ಲಿ ಇರ್ತೀವಿ. ನನಗೆ ನಂಬಿಕೆ ಇರೋ ಕಾರನ್ನಷ್ಟೇ ನಾನು ಓಡಿಸಬಲ್ಲೆ.

ಮುಂದಿನ ವರ್ಷ ಲೋಟಸ್ 72 ಬಂತು. ಅದರ ಮುಂದಿನ ಬ್ರೇಕುಗಳು ಚಕ್ರದಲ್ಲಿ ಇರಲಿಲ್ಲ. ಚಕ್ರದ ಜತೆ ಕುಣಿಯೋ ತೂಕ ಕಡಿಮೆ ಆಗಲಿ ಅಂತ ಬ್ರೇಕನ್ನ ಕಾರಿನ ಒಳಕ್ಕೆ ತಂದು, ಅಲ್ಲಿಂದ ಚಕ್ರಕ್ಕೆ ಒಂದು ಶಾಫ್ಟ್ ಕೊಟ್ಟಿದ್ದರು. ಬುದ್ಧಿವಂತಿಕೆಯ ಕೆಲಸವೇ. ರಿಂಟ್ ಸಾಲುಸಾಲಾಗಿ ಗೆದ್ದ. 1970ರ ಸೆಪ್ಟೆಂಬರ್ 5, ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ, ಬ್ರೇಕ್ ಹಾಕೋ ಜಾಗದಲ್ಲಿ ಮುಂದಿನ ಬಲಗಡೆಯ ಆ ಶಾಫ್ಟ್ ಮುರಿಯಿತು. ಕಾರು ಸರಿಯಾಗಿ ಕೂರಿಸದ ತಡೆಗೋಡೆಗೆ ನುಗ್ಗಿತು. ರಿಂಟ್ ಉಳಿಯಲಿಲ್ಲ. ಆ ವರ್ಷ ಅವನ ಅಂಕಗಳನ್ನ ಯಾರೂ ದಾಟಲಿಲ್ಲ. ಸತ್ತ ಮೇಲೆ ಚಾಂಪಿಯನ್ ಆದವನು ಫಾರ್ಮುಲಾ ಒನ್‌ನಲ್ಲಿ ಅವನೊಬ್ಬನೇ. ಟ್ರೋಫಿಯನ್ನು ಪತ್ನಿ ನೀನಾ ಸ್ವೀಕರಿಸಿದರು.

ಚಾಪ್ಮನ್ ಒಬ್ಬನನ್ನೇ ಬೈದರೆ ತಪ್ಪಾಗುತ್ತೆ. ಆ ಕಾಲಕ್ಕೆ ಎಲ್ಲರಿಗೂ ಇದೇ ಹುಚ್ಚು. ಪೋರ್ಶೆಯಲ್ಲಿ ಫರ್ಡಿನಾಂಡ್ ಪೀಯೆಖ್ ಅಂತ ಒಬ್ಬ ಇದ್ದ, ಕಂಪನಿ ಕಟ್ಟಿದ ಫರ್ಡಿನಾಂಡ್ ಪೋರ್ಶೆಯ ಮಗಳ ಮಗ. 1968ರಲ್ಲಿ ಬೆಟ್ಟ ಹತ್ತೋ ರೇಸಿಗೆ 909 ಅನ್ನೋ ಕಾರು ಮಾಡಿಸಿದ. ತೂಕ 400 ಕೆಜಿಯೂ ಇಲ್ಲ, ಅಂದರೆ ಎರಡು ಬುಲೆಟ್ ಬೈಕಿಗಿಂತ ಸ್ವಲ್ಪವೇ ಜಾಸ್ತಿ. ಪೀಯೆಖ್ ಜೇಬಲ್ಲಿ ಅಯಸ್ಕಾಂತ ಇಟ್ಟುಕೊಂಡು ಓಡಾಡ್ತಿದ್ದ, ಅದು ಎಲ್ಲಾದರೂ ಅಂಟಿಕೊಂಡರೆ ಆ ಕಬ್ಬಿಣ ಅಲ್ಲಿ ಯಾಕಿದೆ ಅಂತ ಜವಾಬು ಕೊಡಬೇಕಿತ್ತು ಅಂತ ಕಥೆ ಇದೆ. ಮರುವರ್ಷದ 917 ಕಾರಿನಲ್ಲಿ ಗೇರ್ ಹಿಡಿ ಬಾಲ್ಸಾ ಮರದ್ದು. ಅಲ್ಯೂಮಿನಿಯಂ ಕೊಳವೆಗಳ ಫ್ರೇಮ್ ಎಷ್ಟು ನಾಜೂಕು ಅಂದರೆ, ಬಿರುಕು ಬಿಟ್ಟರೆ ತಿಳಿಯಲಿ ಅಂತ ಕೊಳವೆಯೊಳಗೆ ಒತ್ತಡದಲ್ಲಿ ಗಾಳಿ ತುಂಬಿ ಮೀಟರ್ ಇಟ್ಟಿದ್ದರು. ಮುಳ್ಳು ಇಳಿದರೆ ಎಲ್ಲೋ ಸೀಳಿದೆ ಅಂತ ಅರ್ಥ. ಒಂದು ರೀತಿಯಲ್ಲಿ ಇವತ್ತಿನ ನಮ್ಮ ಮಾನಿಟರಿಂಗ್ ಅಲರ್ಟ್ ಇದ್ದ ಹಾಗೆ.

ಲೋಹದ ಆಯ್ಕೆಯಲ್ಲೂ ಪ್ರಾಣದ ಪ್ರಶ್ನೆ ಇತ್ತು. ಒಂದು ಲೀಟರ್ ಜಾಗ ತುಂಬೋ ಉಕ್ಕು ಸುಮಾರು 7.8 ಕೆಜಿ, ಅಲ್ಯೂಮಿನಿಯಂ 2.7, ಮೆಗ್ನೀಸಿಯಂ 1.7. ಮೂರನೆಯದನ್ನ ನೋಡಿದರೆ ಯಾರಿಗೆ ಆಸೆ ಆಗಲ್ಲ? ಆದರೆ ಮೆಗ್ನೀಸಿಯಂ ಹೊತ್ತಿಕೊಂಡರೆ ಬೆಳ್ಳನೆ ಬೆಂಕಿ, ನೀರು ಹಾಕಿದರೆ ಇನ್ನೂ ಉರಿಯುತ್ತೆ. 1955ರ ಲೆ ಮಾನ್ ದುರಂತದಲ್ಲಿ ಮರ್ಸಿಡಿಸ್ 300 ಎಸ್ಎಲ್ಆರ್ ಪ್ರೇಕ್ಷಕರ ಕಡೆ ಹಾರಿ, ಚೂರುಗಳು ಸಿಡಿದು 80ಕ್ಕೂ ಹೆಚ್ಚು ಜನ ಸತ್ತರು. ಅದರ ಮೆಗ್ನೀಸಿಯಂ ಮಿಶ್ರಲೋಹದ ಮೈ ಹೊತ್ತಿ ಉರಿಯಿತು. 13 ವರ್ಷ ಕಳೆದು, 1968ರಲ್ಲಿ ಹೋಂಡಾ ಮೆಗ್ನೀಸಿಯಂ ದೇಹದ ಆರ್‌ಎ302 ಕಾರನ್ನ ತಂದಿತು. ತಂಡದ ಡ್ರೈವರ್ ಜಾನ್ ಸರ್ಟೀಸ್, ಇದು ಅಪಾಯ, ನಾನು ಓಡಿಸಲ್ಲ ಅಂದ. ಬದಲಿಗೆ ಕೂತ ಫ್ರಾನ್ಸಿನ ಜೋ ಶ್ಲೆಸರ್, ರುವಾನ್‌ನಲ್ಲಿ ರೇಸ್ ಶುರುವಾದ ಕೆಲವೇ ನಿಮಿಷದಲ್ಲಿ ಬೆಂಕಿಯಲ್ಲಿ ಸತ್ತ. ಬೇಡ ಅಂತ ಹೇಳೋ ಧೈರ್ಯ, ಹೇಳಿದರೆ ನಡೆಯುತ್ತೆ ಅನ್ನೋ ಸ್ಥಾನ, ಎರಡೂ ಎಲ್ಲರಿಗೂ ಇರಲ್ಲ.

ಹಾಗಾದರೆ ಹಗುರ ಅಂದರೆ ಸಾವು ಅಂತಲೇ? ಇಲ್ಲ, ಕಥೆ ಇಲ್ಲಿ ತಿರುಗುತ್ತೆ. 1981ರಲ್ಲಿ ಮೆಕ್‌ಲಾರೆನ್ ತಂಡದ ಜಾನ್ ಬಾರ್ನಾರ್ಡ್, ಕಾರಿನ ತೊಟ್ಟಿಯನ್ನ ಕಾರ್ಬನ್ ಫೈಬರ್‌ನಲ್ಲಿ ಮಾಡಿಸಿದ. ಬ್ರಿಟನ್ನಿನಲ್ಲಿ ಮಾಡಿಸೋಕೆ ಆಗದೆ, ರಾಕೆಟ್ ಭಾಗಗಳನ್ನ ಮಾಡ್ತಿದ್ದ ಅಮೆರಿಕದ ಹರ್ಕ್ಯುಲಿಸ್ ಕಂಪನಿಗೆ ಹೋದ. ಈ ವಸ್ತು ಮೆಗ್ನೀಸಿಯಂಗಿಂತಲೂ ಹಗುರ. ಗುದ್ದಿದರೆ ಪುಡಿಪುಡಿ ಆಗುತ್ತೆ ಅಂತ ಅನೇಕರು ಕೊಂಕು ನುಡಿದರು. ಅದೇ ವರ್ಷ ಮೊಂಜಾದಲ್ಲಿ, ಹೌದು, ರಿಂಟ್ ಸತ್ತ ಅದೇ ಮೊಂಜಾದಲ್ಲಿ, ಜಾನ್ ವಾಟ್ಸನ್‌ನ ಕಾರು ತಡೆಗೋಡೆಗೆ ಬಡಿದು ಎರಡು ತುಂಡಾಯಿತು. ಎಂಜಿನ್ ಒಂದು ಕಡೆ, ವಾಟ್ಸನ್ ಕೂತ ತೊಟ್ಟಿ ಇನ್ನೊಂದು ಕಡೆ. ವಾಟ್ಸನ್ ಎದ್ದು ನಡೆದುಕೊಂಡು ಹೋದ! ಕೊಂಕು ಅಲ್ಲಿಗೆ ನಿಂತಿತು. ಕೆಲವೇ ವರ್ಷಗಳಲ್ಲಿ ಎಲ್ಲ ತಂಡಗಳೂ ಕಾರ್ಬನ್‌ಗೆ ಬಂದವು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗೋ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಪರ್ಸೆಂಟ್ ಇಂಥದ್ದೇ ಸಂಯುಕ್ತ ವಸ್ತು.

ಇದೇ ತೊಟ್ಟಿಯನ್ನ ರಸ್ತೆಗೆ ತಂದವನು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗಾರ್ಡನ್ ಮರ್ರಿ. 1992ರಲ್ಲಿ ಹೊರಬಂದ ಮೆಕ್‌ಲಾರೆನ್ ಎಫ್1 ಕಾರಿನಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಟೂಲ್ ಕಿಟ್ ಟೈಟಾನಿಯಂದು. ಸ್ಟೀರಿಯೋ ಕೂಡ ಹಗುರ ಇರಲಿ ಅಂತ ಬೇರೆ ಮಾಡಿಸಿದ. ಆದರೆ ಎಂಜಿನ್ ಬಿಸಿ ತಡೆಯೋಕೆ ಒಳಗಡೆ ಚಿನ್ನದ ಹಾಳೆ ಹೊದಿಸಿದ. ಬಿಸಿಯನ್ನ ಹಿಂದಕ್ಕೆ ಕಳಿಸೋಕೆ ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ. ನೋಡಿ, ಈ ಪುಣ್ಯಾತ್ಮ ಜಿಪುಣ ಅಲ್ಲ. ಯಾವುದು ಬೇಕು, ಯಾವುದು ಬೇಡ ಅಂತ ಗೊತ್ತಿರೋನು. ಕಾರಿನ ತೂಕ 1138 ಕೆಜಿ. 1998ರಲ್ಲಿ ಅದು ಗಂಟೆಗೆ 386 ಕಿಮೀ ಓಡಿತು.

ಅದಕ್ಕೆ ಉತ್ತರ ಅನ್ನೋ ಹಾಗೆ 2005ರಲ್ಲಿ ಬುಗಾಟಿ ವೇರಾನ್ ಬಂತು. ಸಾವಿರದ ಒಂದು ಅಶ್ವಶಕ್ತಿ, ಹತ್ತು ರೇಡಿಯೇಟರ್, ತೂಕ 1888 ಕೆಜಿ. ಇದನ್ನ ಮಾಡಿಸಿದವರು ಯಾರು ಗೊತ್ತಾ? ಫೋಕ್ಸ್‌ವ್ಯಾಗನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅದೇ ಪೀಯೆಖ್. ಜೇಬಲ್ಲಿ ಅಯಸ್ಕಾಂತ ಇದ್ದವರು! ವೇಗದಲ್ಲಿ ಮೆಕ್‌ಲಾರೆನ್‌ಗಿಂತ 20 ಕಿಮೀ ಚಿಲ್ಲರೆ ಜಾಸ್ತಿ, ಅದಕ್ಕೆ ಕೊಟ್ಟ ಬೆಲೆ 750 ಕೆಜಿ. 1934ರಲ್ಲಿ ಅಷ್ಟು ತೂಕಕ್ಕೆ ಒಂದಿಡೀ ರೇಸ್ ಕಾರೇ ಬರ್ತಿತ್ತು.

ಈಗ ಎಲೆಕ್ಟ್ರಿಕ್ ಕಾಲ. ಟೆಸ್ಲಾದ ಮೊದಲ ಕಾರು, 2008ರ ರೋಡ್‌ಸ್ಟರ್, ಹುಟ್ಟಿದ್ದು ಲೋಟಸ್ ಎಲೀಸ್‌ನ ಬುನಾದಿ ಮೇಲೆ. 1996ರ ಎಲೀಸ್ ಸುಮಾರು 725 ಕೆಜಿ ಇತ್ತು. ರೋಡ್‌ಸ್ಟರ್‌ನ ಬ್ಯಾಟರಿ ಒಂದೇ 450 ಕೆಜಿ ಹತ್ತಿರ. ಚಾಪ್ಮನ್ 1982ರಲ್ಲೇ ತೀರಿಕೊಂಡ, ಇದನ್ನ ನೋಡಲಿಲ್ಲ. ಇವತ್ತು ಎರಡು ಟನ್ ಕಾರು ಮೂರು ಸೆಕೆಂಡಿಗೆ ನೂರು ಮುಟ್ಟುತ್ತೆ, ಅದೇನೂ ಸುದ್ದಿಯಲ್ಲ. ಆದರೆ ತಿರುವಿನಲ್ಲಿ ಟೈರ್ ಸವೆಸೋದು, ಬ್ರೇಕ್ ಕಾಯಿಸೋದು, ಎದುರಿಗೆ ಬಂದ ಸ್ಕೂಟರಿನವನಿಗೆ ಗುದ್ದೋದು ಎಲ್ಲ ಆ ಎರಡು ಟನ್ನೇ. ಮೋಟರ್ ಎಷ್ಟೇ ಶಕ್ತಿಯದ್ದಾದರೂ ಆ ಲೆಕ್ಕ ಬದಲಾಗಲ್ಲ.

ನಮ್ಮ ಕೆಲಸದಲ್ಲೂ ವರ್ಷಕ್ಕೊಮ್ಮೆ ಯಾರೋ ಒಬ್ಬರು ಮೇಲಿನಿಂದ ‘ಕಡಿಮೆ ಮಾಡಿ’ ಅಂತಾರೆ. ಖರ್ಚು, ಜನ, ಟೆಸ್ಟಿಂಗ್‌ಗೆ ಕೊಟ್ಟ ದಿನ. ಕಡಿಮೆ ಮಾಡೋದು ಕೆಟ್ಟದ್ದೇನಲ್ಲ. ಎಲೀಟ್‌ನ ಮೈ, ಲೋಟಸ್ 49ರ ಎಂಜಿನ್, ಬಾರ್ನಾರ್ಡನ ತೊಟ್ಟಿ, ಇವೆಲ್ಲ ಹಾಗೆ ಹುಟ್ಟಿದವೇ. ಆದರೆ ಅಂಥ ಮೀಟಿಂಗಿನಲ್ಲಿ ರಿಂಟ್‌ನ ಕಾಗದವನ್ನ ಒಮ್ಮೆ ನೆನೆಸಿಕೊಳ್ಳಿ. ಅವನು ಚಾಪ್ಮನ್‌ಗೆ ನಿಧಾನದ ಕಾರು ಕೊಡು ಅಂತ ಕೇಳಿರಲಿಲ್ಲ. ಮುರಿಯೋ ಜಾಗ ಯಾವುದೋ ಅಲ್ಲಿಗೆ ಒಂದಿಷ್ಟು ತೂಕ ವಾಪಸ್ ಕೊಡು ಅಂದಿದ್ದ, ಅಷ್ಟೇ.