ಭೇರ್ಯದಿಂದ ಮೈಸೂರಿನ ಶಾಲೆಗೆ

ಮೈಸೂರಿನಿಂದ ಹಾಸನದ ದಾರಿ ಹಿಡಿದರೆ ಕೃಷ್ಣರಾಜನಗರ ದಾಟಿದ ಮೇಲೆ ಭೇರ್ಯ ಸಿಗುತ್ತದೆ. ನೂರು ವರ್ಷಗಳ ಹಿಂದೆ ಈ ಊರಿನಲ್ಲಿ ಕಿವಿ ಕೇಳದ ಮಗುವೊಂದು ಹುಟ್ಟಿತೆಂದು ಭಾವಿಸಿರಿ. ಅದಕ್ಕೆ ಅಕ್ಷರ ಕಲಿಸಬೇಕೆಂದು ಹೆತ್ತವರು ಬಯಸಿದ್ದರೆ ಮೈಸೂರಿಗೆ ಕರೆದೊಯ್ದು ಬಿಟ್ಟುಬರಬೇಕಾಗಿತ್ತು. ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಎಂ. ಶ್ರೀನಿವಾಸ ರಾವ್ ಅವರು 1901ರಲ್ಲಿ ಅಲ್ಲಿ ಶಾಲೆಯನ್ನು ಆರಂಭಿಸಿದ್ದರು. ಅದಕ್ಕೂ ಮೊದಲೇ, 1880ರ ದಶಕದಲ್ಲಿ, ಮುಂಬಯಿಯ ಕಥೋಲಿಕ ಧರ್ಮಾಧ್ಯಕ್ಷ ಲಿಯೋ ಮ್ಯೂರಿನ್ ಅವರ ಪ್ರಯತ್ನದಿಂದ ಅಲ್ಲೊಂದು ಕಿವುಡರ ಶಾಲೆ ಹುಟ್ಟಿತ್ತು.

ಮನೆಯಿಂದ ದೂರವಾದ ಮಗು ಅತ್ತಿರಬಹುದು. ಆದರೆ ಇಂತಹ ಶಾಲೆಗಳಲ್ಲಿ ಅದಕ್ಕೆ ಇನ್ನೊಂದು ಲಾಭವಿತ್ತು, ತನ್ನಂತಹವರು ಸಿಗುತ್ತಿದ್ದರು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು, ಕೈಸನ್ನೆ ಬಿಟ್ಟು ತುಟಿಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತು. ಅಲ್ಲಿ ಮತ ಹಾಕಿದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರೇ ಆಗಿದ್ದರೆಂಬುದನ್ನು ಗಮನಿಸಬೇಕು. ಆದರೂ ಕಿವುಡ ಮಕ್ಕಳು ಜೊತೆಯಾಗಿ ಬಾಳಿದ ಕಡೆಯಲ್ಲೆಲ್ಲ ಸನ್ನೆಯ ಭಾಷೆ ಬೆಳೆಯಿತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಸಮ್ಮೇಳನವು ಹಳೆಯ ನಿರ್ಣಯಗಳನ್ನು ತಿರಸ್ಕರಿಸಿತು. ನೂರಮೂವತ್ತು ವರ್ಷ ಬೇಕಾಯಿತು!

ರಜೆಯಲ್ಲಿ ಊರಿಗೆ ಬಂದ ಮಗುವಿನ ಕೈಗಳ ಮಾತನ್ನು ಅರಿಯುವವರು ಯಾರಿದ್ದರು? ಮನೆಯೇ ಅದಕ್ಕೆ ಪರಸ್ಥಳವಾಗಿರಬೇಕು.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಅದರ ಪೂರ್ವಶಾಲೆಯಲ್ಲಿ ತಾಯಂದಿರೂ ಮಕ್ಕಳೊಡನೆ ಕುಳಿತು ಕಲಿಯುವ ಪದ್ಧತಿ ಬೆಳೆದದ್ದು, ನನ್ನ ಎಣಿಕೆಯಲ್ಲಿ, ದೊಡ್ಡ ತಿರುವು. ಮುಂದೆ 2009ರ ಶಿಕ್ಷಣ ಹಕ್ಕು ಕಾಯಿದೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದವು. ಈಗ ಊರಿನ ಶಾಲೆಯೇ ಮಗುವನ್ನು ಸೇರಿಸಿಕೊಳ್ಳಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇನೋ ಬರುತ್ತದೆ. ಊಟದ ಹೊತ್ತಿನಲ್ಲಿ ಮಗು ಯಾರ ಪಕ್ಕದಲ್ಲಿ ಕುಳಿತಿತು, ಆಟಕ್ಕೆ ಅದನ್ನು ಯಾರು ಕರೆದರು ಎಂದು ಯಾವ ಅಧಿಕಾರಿಯೂ ಕೇಳುವುದಿಲ್ಲ. ಹಳೆಯ ವಸತಿಶಾಲೆ ಊರನ್ನು ಕಸಿದುಕೊಂಡು ಗೆಳೆಯರನ್ನು ಕೊಟ್ಟಿತ್ತು. ಇಂದಿನ ವ್ಯವಸ್ಥೆಯಲ್ಲಿ ಊರು ಉಳಿದರೂ ಗೆಳೆಯರು ಸಿಗದಿರುವ ಅಪಾಯವಿದೆ.

ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ ಹತ್ತು ಸಾವಿರ ಪದಗಳ ಸನ್ನೆ ನಿಘಂಟನ್ನು ಹೊರತಂದಿದೆ. ಅದರ ದೃಶ್ಯಗಳನ್ನು ಮೊಬೈಲಿನಲ್ಲಿಯೇ ನೋಡಬಹುದು. ನಿಮ್ಮ ಮಗುವಿನ ತರಗತಿಯಲ್ಲಿ ಕಿವಿ ಕೇಳದ ಸಹಪಾಠಿಯಿದ್ದರೆ ಇಂದು ಸಂಜೆ ಇಬ್ಬರೂ ಕುಳಿತು ‘ಬಾ’, ‘ಆಟ’, ‘ಊಟ’ ಎಂಬ ಮೂರು ಸನ್ನೆಗಳನ್ನು ಕಲಿಯಿರಿ.